ಮಾಂಟಿಸೆಲೊ: ಒಡೆಯನ ತೋಟ, ಪೀಟರನ ಹುಟ್ಟೂರು

ಅಮೆರಿಕದ ಐದು ಸೆಂಟಿನ ನಾಣ್ಯದ ಒಂದು ಬದಿಯಲ್ಲಿ ಥಾಮಸ್ ಜೆಫರ್ಸನ್‌ನ ಮುಖವಿದೆ, ಇನ್ನೊಂದು ಬದಿಯಲ್ಲಿ ಆತನ ಮನೆ. 1938ರಿಂದ, ನಡುವೆ 2004-05ರ ಅವಧಿಯನ್ನು ಬಿಟ್ಟರೆ, ಆ ಮನೆ ಕೋಟ್ಯಂತರ ಜನರ ಕಿಸೆಗಳಲ್ಲಿ ಓಡಾಡುತ್ತಿದೆ. ಅಧ್ಯಕ್ಷನೊಬ್ಬನ ಖಾಸಗಿ ಮನೆಗೆ ನಾಣ್ಯದ ಮೇಲೆ ಈ ಗೌರವ ಸಿಕ್ಕಿರುವುದು ಸಣ್ಣ ಸಂಗತಿಯಲ್ಲ. ಅದರ ಹೆಸರು ಮಾಂಟಿಸೆಲೊ. ಇಟಾಲಿಯನ್ ಭಾಷೆಯಲ್ಲಿ ಹಾಗೆಂದರೆ ಪುಟ್ಟ ಗುಡ್ಡ.

ಗುಡ್ಡ ಇರುವುದು ವರ್ಜೀನಿಯಾ ರಾಜ್ಯದ ಶಾರ್ಲಟ್ಸ್‌ವಿಲ್ ಪಟ್ಟಣದ ಪಕ್ಕದಲ್ಲಿ. ಅಲ್ಲಿ ನೆಲೆಸಿರುವ ನಮ್ಮ ಬಂಧುಗಳ ಮನೆಯಿಂದ ಅರ್ಧ ಗಂಟೆಯ ದಾರಿ. ಅಲ್ಲಿಯೇ ಬೆಳೆದ ಅವರ ಮಕ್ಕಳು ಶಾಲೆಯ ಕಡೆಯಿಂದ ಎರಡು ಬಾರಿ ಬಂದು ನೋಡಿಯಾಗಿತ್ತು. ಹಾಗಾಗಿ ನಾವು ಬೆರಗಾಗಬೇಕಾದ ಜಾಗಗಳನ್ನು ಮುಂಚಿತವಾಗಿಯೇ ನಮಗೆ ಹೇಳಿಬಿಟ್ಟಿದ್ದರು. ಕೆಳಗೆ ಟಿಕೆಟ್ ಪಡೆದು ಸಣ್ಣ ಬಸ್ಸಿನಲ್ಲಿ ಮೇಲಕ್ಕೆ ಹೋಗಬೇಕು. ವಸಂತದ ದಿನಗಳಾದ್ದರಿಂದ ತೋಟದಲ್ಲಿ ಬಟಾಣಿ ಬಳ್ಳಿಗಳು ಕೋಲುಗಳನ್ನು ಹಿಡಿದು ಏರುತ್ತಿದ್ದವು.

ಜೆಫರ್ಸನ್ ಹುಟ್ಟಿದ್ದು 1743ರಲ್ಲಿ, ಈ ಗುಡ್ಡದ ಹತ್ತಿರದ ಶ್ಯಾಡ್‌ವೆಲ್ ಎಂಬಲ್ಲಿ. ತಂದೆ ತೀರಿಕೊಂಡಾಗ ಹುಡುಗನಿಗೆ 14 ವರ್ಷ. ಜಮೀನೂ ಗುಲಾಮರೂ ಪಿತ್ರಾರ್ಜಿತವಾಗಿ ಬಂದರು. ಬಾಲ್ಯದಲ್ಲಿ ಗೆಳೆಯನೊಬ್ಬನ ಜತೆ ಗುಡ್ಡ ಹತ್ತಿ ಓಕ್ ಮರದ ಕೆಳಗೆ ಕುಳಿತು ಓದುತ್ತಿದ್ದನಂತೆ. 1768ರಲ್ಲಿ ಗುಡ್ಡದ ನೆತ್ತಿಯನ್ನು ಕಡಿದು ಸಮತಟ್ಟು ಮಾಡಿಸಲು ಆರಂಭಿಸಿದ, ಮರುವರ್ಷ ಮನೆಯ ಕೆಲಸ ಶುರುವಾಯಿತು. 1770ರಲ್ಲಿ ಶ್ಯಾಡ್‌ವೆಲ್‌ನ ಮನೆ ಪುಸ್ತಕಗಳ ಸಮೇತ ಸುಟ್ಟುಹೋಯಿತು. ಅಂದಿನಿಂದ ಮಾಂಟಿಸೆಲೊವೇ ಆತನ ಮನೆ. ಕಟ್ಟುವುದು, ಕೆಡವುವುದು, ಮತ್ತೆ ಕಟ್ಟುವುದು ಸುಮಾರು 40 ವರ್ಷ ನಡೆಯಿತು. ಫ್ರಾನ್ಸಿನಿಂದ ಹಿಂದಿರುಗಿದ ಮೇಲೆ 1796ರಿಂದ ಹಳೆಯ ಮನೆಯನ್ನು ಬಹುಪಾಲು ಬದಲಾಯಿಸಿ, ಗುಮ್ಮಟವನ್ನು ಏರಿಸಿ, 1809ರ ಹೊತ್ತಿಗೆ ಮುಗಿಸಿದ. ನೀರಿಲ್ಲದ ಗುಡ್ಡದ ಮೇಲೆ ಇಷ್ಟು ದೊಡ್ಡ ಮನೆ ಕಟ್ಟುವ ಆಲೋಚನೆ ಬರಬೇಕಾದರೆ, ನೀರು ಹೊರಲು ಬೇರೆ ಜನ ಇರಬೇಕು.

ಮನೆ ಸುಂದರವಾಗಿದೆ. ಅದನ್ನು ಹೇಳದಿರುವುದು ಸರಿಯಲ್ಲ. ಒಳಗೆ ಕಾಲಿಟ್ಟ ಕೂಡಲೇ ಬಾಗಿಲ ಮೇಲೆ ಒಂದು ದೊಡ್ಡ ಗಡಿಯಾರ. ಫಿರಂಗಿ ಗುಂಡುಗಳೇ ಅದರ ತೂಕದ ಬಟ್ಟುಗಳು. ಅವು ಗೋಡೆಯುದ್ದಕ್ಕೂ ಇಳಿಯುತ್ತಾ ವಾರದ ದಿನಗಳನ್ನು ತೋರಿಸುತ್ತವೆ. ಏಳು ದಿನಕ್ಕೆ ಗೋಡೆ ಸಾಲದೆ ನೆಲಕ್ಕೆ ರಂಧ್ರ ಕೊರೆದಿದ್ದಾರೆ, ಶನಿವಾರ ಮಾತ್ರ ನೆಲಮಾಳಿಗೆಯಲ್ಲಿದೆ! ಅದೇ ಗಡಿಯಾರಕ್ಕೆ ಮನೆಯ ಹೊರಗೂ ಒಂದು ಮುಖವಿದೆ. ಅದಕ್ಕೆ ಗಂಟೆಯ ಮುಳ್ಳು ಮಾತ್ರ, ನಿಮಿಷದ ಮುಳ್ಳಿಲ್ಲ. ಹೊರಗೆ ದುಡಿಯುವವರಿಗೆ ಅಷ್ಟು ಸಾಕು ಎಂದಿರಬೇಕು. ಮಲಗುವ ಮಂಚ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿದೆ: ಒಂದು ಬದಿಗೆ ಇಳಿದರೆ ಓದುವ ಕೋಣೆ, ಇನ್ನೊಂದು ಬದಿಗೆ ಇಳಿದರೆ ಮಲಗುವ ಕೋಣೆ. ಬರೆಯುವ ಕಾಗದಕ್ಕೆ ತಾನಾಗಿಯೇ ಇನ್ನೊಂದು ಪ್ರತಿ ತೆಗೆಯುವ ಯಂತ್ರವೂ ಮೇಜಿನ ಮೇಲಿದೆ.

ಊಟದ ಮನೆಯಲ್ಲಿ ನಾವು ಹೆಚ್ಚು ಹೊತ್ತು ನಿಂತೆವು. ಅಗ್ಗಿಷ್ಟಿಕೆಯ ಬದಿಯಲ್ಲಿ ಒಂದು ಸಣ್ಣ ಕಪಾಟು. ಅದರೊಳಗೆ ನೆಲಮಾಳಿಗೆಯಿಂದ ದ್ರಾಕ್ಷಾರಸದ ಸೀಸೆಯನ್ನು ಮೇಲೇರಿಸುವ ರಾಟೆ. ಬಾಗಿಲೊಂದರ ಹಿಂಬದಿಗೆ ಹಲಗೆಗಳನ್ನು ಹೊಡೆಯಲಾಗಿದೆ. ಅದು ತಿರುಗುವ ಬಾಗಿಲು. ಆಚೆ ನಿಂತವರು ಅಡುಗೆಯನ್ನು ಹಲಗೆಯ ಮೇಲಿಟ್ಟು ತಿರುಗಿಸಿದರೆ ತಟ್ಟೆಗಳು ಈಚೆ ಬರುತ್ತವೆ, ಇಟ್ಟ ಕೈ ಕಾಣುವುದಿಲ್ಲ. ಅಡುಗೆಮನೆ, ಉಗ್ರಾಣ, ಕುದುರೆಲಾಯ ಎಲ್ಲವೂ ಎರಡು ಬದಿಯ ಜಗಲಿಗಳ ಅಡಿಯಲ್ಲಿ, ಇಳಿಜಾರಿನಲ್ಲಿ ಹುದುಗಿವೆ. ಮನುಷ್ಯರೆಲ್ಲರೂ ಸಮಾನರು ಎಂದು 1776ರಲ್ಲಿ ಬರೆದ ಕೈಯೇ ಈ ಬಾಗಿಲನ್ನು ಮಾಡಿಸಿದ್ದು. ಜಾಣ್ಮೆಯನ್ನು ಮೆಚ್ಚಬೇಕೋ ಬೇಡವೋ ತಿಳಿಯುವುದಿಲ್ಲ.

ತೋಟದ ವಿಷಯಕ್ಕೆ ಬಂದರೆ ಜೆಫರ್ಸನ್ ನಿಜವಾದ ಹುಚ್ಚ. 1766ರ ಮಾರ್ಚ್ 30ರಂದು ನೇರಳೆ ಬಣ್ಣದ ಹಯಸಿಂತ್ ಹೂ ಅರಳಿತೆಂದು ಬರೆದಲ್ಲಿಂದ 1824ರವರೆಗೆ ಆತ ತೋಟದ ದಿನಚರಿ ಇಟ್ಟಿದ್ದ. ಗುಡ್ಡದ ದಕ್ಷಿಣದ ಇಳಿಜಾರನ್ನು ಕಡಿದು, ಕಲ್ಲಿನ ಗೋಡೆ ಕಟ್ಟಿ, 1000 ಅಡಿ ಉದ್ದ 80 ಅಡಿ ಅಗಲದ ತರಕಾರಿ ತೋಟ ಮಾಡಿಸಿದ. ಮಣ್ಣು ಅಗೆದವರು, ಕಲ್ಲು ಹೊತ್ತವರು ಗುಲಾಮರು. 300ಕ್ಕೂ ಹೆಚ್ಚು ತಳಿಯ ತರಕಾರಿಗಳನ್ನು ಅಲ್ಲಿ ಬೆಳೆದು ನೋಡಿದ. ಬಟಾಣಿ ಎಂದರೆ ಪ್ರಾಣ. ವರ್ಷದ ಮೊದಲ ಬಟಾಣಿ ಯಾರ ತೋಟದಲ್ಲಿ ಕೊಯ್ಲಿಗೆ ಬರುತ್ತದೆಂದು ನೆರೆಯವರೊಡನೆ ಪಂದ್ಯ, ಗೆದ್ದವರು ಉಳಿದವರಿಗೆ ಊಟ ಹಾಕಬೇಕು.

ಪಾತಿಗಳ ನಡುವೆ ನಡೆಯುತ್ತಾ ಬೋರ್ಡುಗಳನ್ನು ಓದುವಾಗ ಎರಡು ಹೆಸರುಗಳು ನಮ್ಮನ್ನು ನಿಲ್ಲಿಸಿದವು: ಬೆಂಡೆ ಮತ್ತು ಎಳ್ಳು. ಎರಡೂ ಆ ನೆಲಕ್ಕೆ ಬಂದದ್ದು ಆಫ್ರಿಕನ್ನರನ್ನು ತುಂಬಿಕೊಂಡು ಬಂದ ಹಡಗುಗಳ ಕಾಲದಲ್ಲಿ, ಅವರ ಅಡುಗೆಯ ಜತೆಗೆ. ಎಳ್ಳನ್ನು ಅಲ್ಲಿನ ಆಫ್ರಿಕನ್ನರು 'ಬೆನ್ನೆ' ಎನ್ನುತ್ತಿದ್ದರು. (ನಮ್ಮ ಬೆಣ್ಣೆಗೂ ಅದಕ್ಕೂ ಸಂಬಂಧವಿಲ್ಲ.) ಆಲಿವ್ ಎಣ್ಣೆಗೆ ಬದಲಾಗಿ ಎಳ್ಳೆಣ್ಣೆಯನ್ನು ರೂಢಿಸಬಹುದೆಂದು ಜೆಫರ್ಸನ್ ಅದನ್ನು ಬೆಳೆದು ಗಾಣಕ್ಕೂ ಹಾಕಿಸಿದ. ಇಷ್ಟೆಲ್ಲ ತೋಟವಿದ್ದರೂ ಮನೆಯ ಅಡುಗೆಗೆ ತರಕಾರಿ ಸಾಲುತ್ತಿರಲಿಲ್ಲ. ಗುಲಾಮರು ತಮ್ಮ ಗುಡಿಸಲುಗಳ ಹಿತ್ತಲಲ್ಲಿ, ರಾತ್ರಿ ಮತ್ತು ಭಾನುವಾರ ದುಡಿದು ಬೆಳೆದ ಸೊಪ್ಪು ತರಕಾರಿಯನ್ನು, ಕೋಳಿ ಮೊಟ್ಟೆಗಳನ್ನು ಒಡೆಯನ ಮನೆಯವರು ಹಣ ಕೊಟ್ಟು ಕೊಳ್ಳುತ್ತಿದ್ದರು. 1805ರಿಂದ 1808ರವರೆಗೆ ಮೊಮ್ಮಗಳೊಬ್ಬಳು ಬರೆದಿಟ್ಟ ಲೆಕ್ಕಪುಸ್ತಕದಲ್ಲಿ ಯಾರಿಂದ ಏನು ಕೊಂಡದ್ದು ಎಂಬುದು ಹೆಸರು ಸಮೇತ ಇದೆ. ತಮ್ಮ ಮೈ ತಮ್ಮದಲ್ಲದವರು ತಮ್ಮ ಸೊಪ್ಪಿಗೆ ಬೆಲೆ ಕೇಳುತ್ತಿದ್ದರು.

ತೋಟಕ್ಕೂ ಮನೆಗೂ ನಡುವೆ ಸುಮಾರು 1300 ಅಡಿ ಉದ್ದದ ಒಂದು ಬೀದಿ. ಹೆಸರು ಮಲ್ಬರಿ ರೋ, ಅಂದರೆ ಹಿಪ್ಪುನೇರಳೆ ಸಾಲು. ಬಡಗಿಯ ಶಾಲೆ, ಕಮ್ಮಾರಸಾಲೆ, ಹೊಗೆಮನೆ, ಗುಲಾಮರ ಗುಡಿಸಲುಗಳು ಇಲ್ಲಿದ್ದವು. ಹೆಚ್ಚಿನವು ಅಳಿದುಹೋಗಿ, ಕೆಲವನ್ನು ಇತ್ತೀಚೆಗೆ ಮರಳಿ ಕಟ್ಟಿದ್ದಾರೆ. 1794ರಲ್ಲಿ ಇಲ್ಲಿ ಮೊಳೆ ತಯಾರಿಸುವ ಕಾರ್ಖಾನೆಯೊಂದು ಆರಂಭವಾಯಿತು. ಕೆಲಸಗಾರರು 10ರಿಂದ 16 ವರ್ಷದ ಹುಡುಗರು. ಯಾರಿಗೆ ಎಷ್ಟು ಕಬ್ಬಿಣ ಕೊಟ್ಟದ್ದು, ಎಷ್ಟು ಮೊಳೆಯಾಯಿತು, ಎಷ್ಟು ವ್ಯರ್ಥವಾಯಿತು ಎಂದು ಜೆಫರ್ಸನ್ ತಾನೇ ಲೆಕ್ಕ ಬರೆಯುತ್ತಿದ್ದ. ಬಟಾಣಿಯ ಲೆಕ್ಕ ಬರೆದ ಅದೇ ಅಂದವಾದ ಅಕ್ಷರ.

ಜೀವಮಾನದಲ್ಲಿ ಆತ ಒಡೆಯನಾಗಿದ್ದ ಗುಲಾಮರ ಸಂಖ್ಯೆ 607. ಮಾವ 1773ರಲ್ಲಿ ತೀರಿಕೊಂಡಾಗ 135 ಮಂದಿ ಒಟ್ಟಿಗೆ ಬಂದರು, ಜತೆಗೆ ದೊಡ್ಡ ಸಾಲವೂ ಬಂತು. ಬಂದವರಲ್ಲಿ ಎಲಿಜಬೆತ್ ಹೆಮಿಂಗ್ಸ್ ಎಂಬಾಕೆ ಮತ್ತು ಆಕೆಯ ಮಕ್ಕಳು ಇದ್ದರು. ಆ ಮಕ್ಕಳಲ್ಲಿ ಕೆಲವರಿಗೆ ಮಾವನೇ ತಂದೆ. ಅಂದರೆ ಎಲಿಜಬೆತ್‌ಳ ಮಗಳು ಸ್ಯಾಲಿ ಹೆಮಿಂಗ್ಸ್, ಜೆಫರ್ಸನ್‌ನ ಹೆಂಡತಿಗೆ ಮಲತಂಗಿ. ಹೆಂಡತಿ 1782ರಲ್ಲಿ ತೀರಿಕೊಂಡಳು. 1787ರಲ್ಲಿ 14 ವರ್ಷದ ಸ್ಯಾಲಿ, ಜೆಫರ್ಸನ್‌ನ ಮಗಳ ಆಳಾಗಿ ಪ್ಯಾರಿಸ್ಸಿಗೆ ಹೋದಳು. ಮುಂದೆ ಆಕೆಗೆ ಹುಟ್ಟಿದ ಆರು ಮಕ್ಕಳ ತಂದೆ ಯಾರು ಎಂಬ ಪ್ರಶ್ನೆ 1802ರಲ್ಲಿಯೇ ಪತ್ರಿಕೆಯಲ್ಲಿ ಎದ್ದಿತು. 1873ರಲ್ಲಿ ಮಗ ಮ್ಯಾಡಿಸನ್ ಬಾಯಿಬಿಟ್ಟು ಹೇಳಿದರೂ ಇತಿಹಾಸಕಾರರಲ್ಲಿ ಹೆಚ್ಚಿನವರು ಕಿವಿಗೊಡಲಿಲ್ಲ. 1998ರ ಡಿಎನ್‌ಎ ಪರೀಕ್ಷೆಯ ನಂತರ, 2000ನೇ ಇಸವಿಯಲ್ಲಿ, ಮನೆಯ ಉಸ್ತುವಾರಿ ನೋಡುವ ಪ್ರತಿಷ್ಠಾನ ಜೆಫರ್ಸನ್‌ನೇ ತಂದೆಯಾಗಿರುವ ಸಾಧ್ಯತೆ ಬಹಳ ಹೆಚ್ಚು ಎಂದು ಒಪ್ಪಿತು. 2018ರಲ್ಲಿ ದಕ್ಷಿಣದ ಜಗಲಿಯಡಿಯ ಒಂದು ಕೋಣೆ ಸ್ಯಾಲಿಯ ನೆನಪಿಗೆ ತೆರೆಯಿತು. ಆಕೆಯ ಒಂದೂ ಚಿತ್ರ ಉಳಿದಿಲ್ಲದ ಕಾರಣ ಅಲ್ಲಿ ಗೋಡೆಯ ಮೇಲೆ ನೆರಳನ್ನಷ್ಟೇ ತೋರಿಸುತ್ತಾರೆ. ಇದನ್ನು 'ಪ್ರೇಮ' ಎಂದು ಬಣ್ಣಿಸುವ ಕಾದಂಬರಿ ಸಿನಿಮಾಗಳು ಬಂದಿವೆ. ಹದಿನಾಲ್ಕು, ಹದಿನೈದರ ಗುಲಾಮ ಹುಡುಗಿಗೆ ಒಲ್ಲೆ ಎನ್ನುವ ಹಕ್ಕು ಇರಲಿಲ್ಲವೆಂಬುದನ್ನು ಬದಿಗಿಟ್ಟು ಆ ಪದವನ್ನು ಬಳಸಲು ನಮಗೆ ಮನಸ್ಸಾಗುವುದಿಲ್ಲ.

ಇಷ್ಟು ದೂರದ ಗುಡ್ಡಕ್ಕೂ ನಮ್ಮ ಮೈಸೂರಿಗೂ ಏನು ನಂಟು ಎಂದು ಓದುಗರು ಕೇಳಬಹುದು. ನಂಟಿದೆ. 1781ರ ಜೂನ್‌ನಲ್ಲಿ ಬ್ರಿಟಿಷ್ ಕುದುರೆ ಪಡೆಯೊಂದು ಜೆಫರ್ಸನ್‌ನನ್ನು ಹಿಡಿಯಲು ಇದೇ ಗುಡ್ಡಕ್ಕೆ ನುಗ್ಗಿತು. ಸ್ವಲ್ಪದರಲ್ಲಿ ಆತ ತಪ್ಪಿಸಿಕೊಂಡ. ಪಡೆಯನ್ನು ಕಳಿಸಿದ್ದು ಲಾರ್ಡ್ ಕಾರ್ನ್‌ವಾಲಿಸ್. ಆತ ಜೆಫರ್ಸನ್‌ನ ಇನ್ನೊಂದು ಜಮೀನಿನಲ್ಲಿ ಬೀಡುಬಿಟ್ಟು ಬೆಳೆಯನ್ನು ಹಾಳುಗೆಡವಿದ. ಅದೇ ವರ್ಷ ಯಾರ್ಕ್‌ಟೌನಿನಲ್ಲಿ ಸೋತು ಶರಣಾದ ಈತನೇ ಹತ್ತು ವರ್ಷಗಳ ನಂತರ ಬೆಂಗಳೂರಿನ ಕೋಟೆ ಗೆದ್ದ. 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದ. ಆಗ ಶ್ರೀರಂಗಪಟ್ಟಣದ ಲಾಲ್‌ಬಾಗಿನ ಮರಗಳನ್ನು ಮುತ್ತಿಗೆಯ ಕೆಲಸಕ್ಕಾಗಿ ಅವನ ಸೇನೆ ಕಡಿದುಹಾಕಿತು. ಅತ್ತ ಅಮೆರಿಕನ್ನರು 1782ರಲ್ಲಿ ಬ್ರಿಟಿಷರ ವಿರುದ್ಧ ಕಾದಿದ ತಮ್ಮ ಹಡಗೊಂದಕ್ಕೆ 'ಹೈದರ್ ಅಲಿ' ಎಂದು ಹೆಸರಿಟ್ಟಿದ್ದರು. 1788ರ ಬೇಸಗೆಯಲ್ಲಿ ಟಿಪ್ಪುವಿನ ಮೂವರು ರಾಯಭಾರಿಗಳು ಫ್ರಾನ್ಸಿಗೆ ಹೋಗಿ, ಆಗಸ್ಟ್ 10ರಂದು ವರ್ಸೇಲ್ಸಿನಲ್ಲಿ ಹದಿನಾರನೇ ಲೂಯಿಯನ್ನು ಕಂಡರು. ಸೇನಾ ನೆರವಿನ ಜತೆಗೆ ಕುಶಲಕರ್ಮಿಗಳು, ವೈದ್ಯರು, ಹೂಗಿಡಗಳ ಬೀಜಗಳೂ ಬೇಕೆಂದು ಟಿಪ್ಪು ಕೇಳಿಸಿದ್ದ. ಆ ಹೊತ್ತಿನಲ್ಲಿ ಅಮೆರಿಕದ ರಾಯಭಾರಿಯಾಗಿ ಪ್ಯಾರಿಸ್ಸಿನಲ್ಲಿದ್ದವನು ಇದೇ ಜೆಫರ್ಸನ್. ಆತನೂ ಅದರ ಹಿಂದಿನ ವರ್ಷ ಇಟಲಿಯಿಂದ ಬತ್ತದ ಬೀಜವನ್ನು ಕಿಸೆಯಲ್ಲಿ ಕದ್ದು ತಂದಿದ್ದ. ಸ್ಯಾಲಿ ಮತ್ತು ಆಕೆಯ ಅಣ್ಣ ಜೇಮ್ಸ್ ಕೂಡ ಆಗ ಆ ನಗರದಲ್ಲಿಯೇ ಇದ್ದರು.

ಇಸ್ಲಾಮಿನ ಬಗ್ಗೆ ಆತನಿಗೆ ಇದ್ದ ಆಸಕ್ತಿ 2007ರ ಜನವರಿಯಲ್ಲಿ ಸುದ್ದಿಯಾಯಿತು. ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಮುಸ್ಲಿಮ್ ಕೀತ್ ಎಲಿಸನ್, ಜೆಫರ್ಸನ್‌ನ ಕುರ್‌ಆನ್ ಪ್ರತಿಯ ಮೇಲೆ ಕೈಯಿಟ್ಟು ಪ್ರಮಾಣ ಸ್ವೀಕರಿಸಿದರು. ಕಾನೂನು ಓದುತ್ತಿದ್ದಾಗ, 1765ರಲ್ಲಿ, ಜೆಫರ್ಸನ್ ಜಾರ್ಜ್ ಸೇಲ್‌ನ ಇಂಗ್ಲಿಷ್ ಅನುವಾದವನ್ನು ಕೊಂಡಿದ್ದ. 1815ರಲ್ಲಿ ಆತ ಸಂಸತ್ತಿನ ಗ್ರಂಥಾಲಯಕ್ಕೆ ಮಾರಿದ 6487 ಪುಸ್ತಕಗಳಲ್ಲಿ ಅದೂ ಸೇರಿತ್ತು. 1786ರಲ್ಲಿ ವರ್ಜೀನಿಯಾದಲ್ಲಿ ಜಾರಿಗೆ ಬಂದ ಧಾರ್ಮಿಕ ಸ್ವಾತಂತ್ರ್ಯದ ಕಾಯ್ದೆ ಆತನ ರಚನೆ. ಅದರಲ್ಲಿ ಯೇಸುವಿನ ಹೆಸರು ಸೇರಿಸಬೇಕೆಂಬ ಸೂಚನೆ ಬಿದ್ದುಹೋದದ್ದನ್ನು ನೆನೆದು, ಕಾಯ್ದೆಯ ರಕ್ಷಣೆ ಯಹೂದಿ, ಕ್ರೈಸ್ತ, ಮುಸ್ಲಿಮ್, ಹಿಂದೂ ಎಲ್ಲರಿಗೂ ಇದೆಯೆಂದು ತನ್ನ ಆತ್ಮಕಥೆಯಲ್ಲಿ ಬರೆದ. 1805ರ ರಮಝಾನಿನಲ್ಲಿ ಟ್ಯುನೀಸಿಯಾದ ರಾಯಭಾರಿಗಾಗಿ ಅಧ್ಯಕ್ಷರ ಭವನದ ಔತಣದ ಸಮಯವನ್ನು ಸೂರ್ಯಾಸ್ತಕ್ಕೆ ಬದಲಾಯಿಸಿದ. ಇವೆಲ್ಲ ನಿಜ, ಇವನ್ನು ನಮ್ಮವರು ಆಗಾಗ ಹೆಮ್ಮೆಯಿಂದ ಉದ್ಧರಿಸುವುದೂ ಇದೆ. ಆದರೆ 1807ರ ಅಕ್ಟೋಬರ್‌ನಲ್ಲಿ ಅದೇ ಅಧ್ಯಕ್ಷನ ಕೈಗೆ ಅರಬಿಯಲ್ಲಿ ಬರೆದ ಕೆಲವು ಹಾಳೆಗಳು ಬಂದವು. ಬರೆದವರು ಕೆಂಟಕಿಯಲ್ಲಿ ಸೆರೆಯಾಗಿದ್ದ ಇಬ್ಬರು ಆಫ್ರಿಕನ್ ಮುಸ್ಲಿಮರು, ಒಡೆಯರಿಂದ ತಪ್ಪಿಸಿಕೊಂಡು ಬಂದವರು. ಹಾಳೆಗಳನ್ನು ಓದಬಲ್ಲವರಿಗಾಗಿ ಜೆಫರ್ಸನ್ ಫಿಲಡೆಲ್ಫಿಯಾದ ಪಂಡಿತರವರೆಗೂ ವಿಚಾರಿಸಿದ. ಆ ಇಬ್ಬರ ಹೆಸರೂ ಇತಿಹಾಸದಲ್ಲಿ ಉಳಿದಿಲ್ಲ. ಮುಸ್ಲಿಮರಿಗೂ ಸ್ವಾತಂತ್ರ್ಯವಿದೆ ಎಂದು ಬರೆಯುವಾಗ ತನ್ನ ಸುತ್ತಲಿನ ತೋಟಗಳಲ್ಲಿ ಮುಸ್ಲಿಮರು ಈಗಾಗಲೇ ಇದ್ದಾರೆಂಬ ಯೋಚನೆ ಆತನಿಗೆ ಬಂದಂತೆ ತೋರುವುದಿಲ್ಲ. ಅದೇ ವರ್ಜೀನಿಯಾದಲ್ಲಿ, ಜಾರ್ಜ್ ವಾಷಿಂಗ್ಟನ್‌ನ 1774ರ ಪಟ್ಟಿಯಲ್ಲಿ ಫಾತಿಮರ್, ಪುಟ್ಟ ಫಾತಿಮರ್ ಎಂಬ ಎರಡು ಹೆಸರುಗಳಿವೆ. ಅವರು ತಾಯಿ ಮಗಳಿದ್ದಿರಬೇಕು. ಆ ಹೆಸರು ಮೂಲದಲ್ಲಿ ಏನೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ.

1826ರ ಜುಲೈ 4ರಂದು, ಸ್ವಾತಂತ್ರ್ಯ ಘೋಷಣೆಗೆ ಸರಿಯಾಗಿ 50 ವರ್ಷ ತುಂಬಿದ ದಿನ, ಜೆಫರ್ಸನ್ ತೀರಿಕೊಂಡ. ಗೋರಿ ತೋಡಿದವನು ತೋಟದ ಮುಖ್ಯ ಮಾಲಿ, ಗುಲಾಮ ವರ್ಮ್ಲಿ ಹ್ಯೂಸ್. ಸಾಲ ಒಂದು ಲಕ್ಷ ಡಾಲರಿಗೂ ಮಿಕ್ಕಿತ್ತು. ಬದುಕಿದ್ದಾಗ ಇಬ್ಬರಿಗೆ, ಮರಣಶಾಸನದಲ್ಲಿ ಐವರಿಗೆ ಬಿಡುಗಡೆ ಕೊಟ್ಟಿದ್ದ. ಏಳು ಮಂದಿಯೂ ಹೆಮಿಂಗ್ಸ್ ಮನೆತನದವರೇ. ಮನೆತನದ ಇನ್ನೂ ಒಬ್ಬಿಬ್ಬರನ್ನು, ಸ್ಯಾಲಿಯ ಹಿರಿಯ ಮಕ್ಕಳನ್ನು, ಹೊರಟುಹೋಗಲು ಬಿಟ್ಟಿದ್ದ. ಉಳಿದವರನ್ನು ಸಾಲಕ್ಕಾಗಿ ಮಾರಬೇಕಾಯಿತು. 1827ರ ಜನವರಿಯ ಚಳಿಯಲ್ಲಿ, ಇಂದು ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುವ ಆ ಪಶ್ಚಿಮದ ಹುಲ್ಲುಹಾಸಿನ ಮೇಲೆ ಹರಾಜು ನಡೆಯಿತು. ಪತ್ರಿಕೆಯ ಜಾಹೀರಾತಿನಲ್ಲಿ 130 ಗುಲಾಮರು, ದನಕರು, ಧಾನ್ಯ, ಪೀಠೋಪಕರಣ ಎಲ್ಲ ಒಂದೇ ಸಾಲಿನಲ್ಲಿದ್ದವು.

ಆ ಹರಾಜಿನಲ್ಲಿ 11 ವರ್ಷದ ಪೀಟರ್ ಫಾಸೆಟ್ ಇದ್ದ. ತಂದೆ ಜೋಸೆಫ್ ಫಾಸೆಟ್ ಕಮ್ಮಾರ, ಮರಣಶಾಸನದಲ್ಲಿ ಬಿಡುಗಡೆ ಪಡೆದ ಐವರಲ್ಲೊಬ್ಬ. ತಾಯಿ ಎಡಿತ್, ಅಧ್ಯಕ್ಷರ ಭವನದ ಫ್ರೆಂಚ್ ಅಡುಗೆಯವನಲ್ಲಿ ಪಳಗಿ ಬಂದು ಮಾಂಟಿಸೆಲೊದ ಅಡುಗೆಮನೆಯನ್ನು ನಡೆಸಿದವಳು. ಆ ತಿರುಗುವ ಬಾಗಿಲಿನಲ್ಲಿ ಅತಿಥಿಗಳ ಮುಂದೆ ಬರುತ್ತಿದ್ದದ್ದು ಇವಳ ಕೈಯಡುಗೆ. ಎಡಿತ್‌ಗೂ ಮಕ್ಕಳಿಗೂ ಬಿಡುಗಡೆ ಇರಲಿಲ್ಲ. ಬಿಡುಗಡೆಯ ಪತ್ರ ಕೈಯಲ್ಲಿ ಹಿಡಿದ ಜೋಸೆಫ್, ಹೆಂಡತಿ ಮಕ್ಕಳು ಬೇರೆ ಬೇರೆಯವರ ಪಾಲಾಗುವುದನ್ನು ನಿಂತು ನೋಡಬೇಕಾಯಿತು. ಬಂಧುಗಳ ನೆರವಿನಿಂದ ಎಡಿತ್ ಮತ್ತು ಚಿಕ್ಕ ಮಕ್ಕಳು ಮನೆಗೆ ಮರಳಿದರು. ಕುಲುಮೆಯ ಮುಂದೆ ವರ್ಷಗಟ್ಟಲೆ ದುಡಿದು ಇನ್ನೂ ಕೆಲವರನ್ನು ಆತ ಬಿಡಿಸಿಕೊಂಡ. ಪೀಟರನನ್ನು ಕೊಂಡವನು ಮಾತ್ರ ಮರಳಿ ಮಾರಲು ಒಪ್ಪಲಿಲ್ಲ. ಹುಡುಗ ಅಕ್ಷರ ಬಲ್ಲವನೆಂದು ತಿಳಿದಾಗ, ಪುಸ್ತಕ ಹಿಡಿದದ್ದು ಕಂಡರೆ ಚಾಟಿಯೇಟು ಎಂದು ಹೆದರಿಸಿದ. ಪೀಟರ್ ಕದ್ದು ಓದಿದ, ಬೇರೆಯವರಿಗೂ ಕಲಿಸಿದ, ಓಡಿಹೋಗುವವರಿಗೆ ರಹದಾರಿ ಚೀಟಿಗಳನ್ನು ಬರೆದುಕೊಟ್ಟ. ತಾನೂ ಎರಡು ಬಾರಿ ಓಡಿ ಸಿಕ್ಕಿಬಿದ್ದ. ಹೆತ್ತವರು ಅಷ್ಟರಲ್ಲಿ ಒಹಾಯೊ ರಾಜ್ಯಕ್ಕೆ ಹೋಗಿ ನೆಲೆಸಿದ್ದರು. ಎರಡನೆಯ ಬಾರಿ ಹರಾಜುಕಟ್ಟೆ ಹತ್ತಿದಾಗ ಬಂಧುಗಳೂ ಸ್ನೇಹಿತರೂ ಹಣ ಕೂಡಿಸಿ ಬಿಡಿಸಿದರು. ಅದು 1850. ಸಿನ್ಸಿನಾಟಿಯಲ್ಲಿ ಆತ ತಾಯಿಯ ಕಸುಬಾದ ಔತಣದ ಅಡುಗೆಯಲ್ಲಿ ಹೆಸರು ಮಾಡಿದ, ಓಡಿಬಂದ ಗುಲಾಮರಿಗೆ ಆಶ್ರಯ ಕೊಡುವ ಗುಟ್ಟಿನ ಜಾಲದಲ್ಲಿ ದುಡಿದ, 1870ರಲ್ಲಿ ಒಂದು ಬ್ಯಾಪ್ಟಿಸ್ಟ್ ಚರ್ಚ್ ಕಟ್ಟಿ ಮೂರು ದಶಕ ಅದರ ಪಾದ್ರಿಯಾಗಿದ್ದ.

ಮನೆಯೂ ಕೈಬದಲಾಯಿಸಿತು. ಮೊದಲು ಕೊಂಡವನು ರೇಷ್ಮೆ ಸಾಕಲು ಹೋಗಿ ಸೋತ. 1834ರಲ್ಲಿ ನೌಕಾಪಡೆಯ ಯಹೂದಿ ಅಧಿಕಾರಿ ಯೂರಿಯಾ ಲೀವಿ ಪಾಳುಬಿದ್ದ ಮನೆಯನ್ನು ಕೊಂಡು ಉಳಿಸಿದ. ಧಾರ್ಮಿಕ ಸ್ವಾತಂತ್ರ್ಯದ ಕಾಯ್ದೆ ಬರೆದವನ ಮೇಲಿನ ಅಭಿಮಾನವೇ ಕಾರಣ. ಆದರೆ ಆತನೂ ಅಲ್ಲಿ ಗುಲಾಮರನ್ನು ದುಡಿಸಿಕೊಂಡ. ಆತನ ತಾಯಿಯ ಗೋರಿ ಹಿಪ್ಪುನೇರಳೆ ಸಾಲಿನಲ್ಲಿದೆ. 1923ರಲ್ಲಿ ಪ್ರತಿಷ್ಠಾನ ಮನೆಯನ್ನು ಪಡೆದ ಮೇಲೆ ಸುಮಾರು 90 ವರ್ಷ ಅದನ್ನು ಕಾಪಾಡಿದ ಈ ಕುಟುಂಬದ ಹೆಸರು ದಶಕಗಳ ಕಾಲ ಮಾರ್ಗದರ್ಶಿಗಳ ಬಾಯಲ್ಲಿ ಬರಲೇ ಇಲ್ಲ. ಗುಲಾಮರ ಬದುಕಿನ ಬಗ್ಗೆಯೇ ಪ್ರತ್ಯೇಕ ಸುತ್ತಾಟ ಆರಂಭವಾದದ್ದು 1993ರಲ್ಲಿ. ಗುಲಾಮರ ವಂಶಜರನ್ನು ದೇಶದ ಮೂಲೆಮೂಲೆಗಳಲ್ಲಿ ಹುಡುಕಿ ಅವರ ಮನೆಮಾತುಗಳನ್ನು ದಾಖಲಿಸುವ ಕೆಲಸವೂ ಅದೇ ವರ್ಷ ಶುರುವಾಯಿತು. ನಾವು ಇಲ್ಲಿ ಹೇಳಿದ ಎಷ್ಟೋ ಸಂಗತಿಗಳು ಬೆಳಕಿಗೆ ಬಂದದ್ದು ಆ ಕೆಲಸದಿಂದಾಗಿ. ನಮ್ಮ ಜತೆಗಿದ್ದ ಮಾರ್ಗದರ್ಶಿ ಮೊಳೆಯ ಕಾರ್ಖಾನೆಯ ಹುಡುಗರ ಹೆಸರುಗಳನ್ನು ಒಂದೊಂದಾಗಿ ಹೇಳಿದರು. ಗುಂಪಿನಲ್ಲಿದ್ದ ಹಿರಿಯರೊಬ್ಬರು, ಆ ಕಾಲವೇ ಹಾಗಿತ್ತಲ್ಲವೇ ಎಂದರು. ಆ ಕಾಲದಲ್ಲೇ ವಾಷಿಂಗ್ಟನ್ ತನ್ನ ಗುಲಾಮರಿಗೆ ಮರಣಶಾಸನದಲ್ಲಿ ಬಿಡುಗಡೆ ಬರೆದಿದ್ದಾನೆ ಎಂದು ಮಾರ್ಗದರ್ಶಿ ಶಾಂತವಾಗಿ ಉತ್ತರಿಸಿ ಮುಂದಕ್ಕೆ ನಡೆದರು.

1900ರಲ್ಲಿ, 85ರ ಆಸುಪಾಸಿನಲ್ಲಿದ್ದ ಪಾದ್ರಿ ಪೀಟರ್ ಫಾಸೆಟ್, ಸಾಯುವ ಮೊದಲು ಹುಟ್ಟಿದೂರನ್ನು ನೋಡಬೇಕೆಂದು ರೈಲು ಹತ್ತಿ ಬಂದರು. ಅಭಿಮಾನಿಗಳು ಹಣ ಕೂಡಿಸಿದ್ದರು. ಹುಡುಗನಾಗಿದ್ದಾಗ ಅವರು ಹೋಗಿಬರುತ್ತಿದ್ದದ್ದು ಜಗಲಿಯಡಿಯ ದಾರಿಯಿಂದ. ಈ ಬಾರಿ ಮುಂಬಾಗಿಲಿನಿಂದ, ದೊಡ್ಡ ಗಡಿಯಾರದ ಕೆಳಗೆ ಅತಿಥಿಯಾಗಿ ಒಳಗೆ ಹೋದರು. ಮರುವರ್ಷ ತೀರಿಕೊಂಡರು.

ಬಸ್ಸಿನ ಬದಲು ಕಾಲ್ದಾರಿಯಲ್ಲಿ ಇಳಿದರೆ ಮೊದಲು ಸಿಗುವುದು ಜೆಫರ್ಸನ್ ಕುಟುಂಬದ ಸ್ಮಶಾನ. ಕಬ್ಬಿಣದ ಬೇಲಿ, ಎತ್ತರದ ಶಿಲಾಸ್ತಂಭ. ಅದರ ಮೇಲೆ ಆತನೇ ಸೂಚಿಸಿಹೋದ ಮೂರು ಸಾಧನೆಗಳು: ಸ್ವಾತಂತ್ರ್ಯ ಘೋಷಣೆ, ಧಾರ್ಮಿಕ ಸ್ವಾತಂತ್ರ್ಯದ ಕಾಯ್ದೆ, ವರ್ಜೀನಿಯಾ ವಿಶ್ವವಿದ್ಯಾಲಯ. ಅಧ್ಯಕ್ಷನಾಗಿದ್ದ ಮಾತೂ ಇಲ್ಲ. ಇನ್ನೂ ಕೆಳಗೆ, ಕಾರುಗಳು ನಿಲ್ಲುವ ಜಾಗಕ್ಕೆ ಹೊಂದಿಕೊಂಡಂತೆ ಮರಗಳ ನಡುವೆ ಇನ್ನೊಂದು ಸ್ಮಶಾನವಿದೆ. ನಲವತ್ತಕ್ಕೂ ಹೆಚ್ಚು ಗೋರಿಗಳು. ಅದು ಗುಲಾಮರದ್ದೆಂದು ಖಚಿತವಾದದ್ದು ಈ ಶತಮಾನದ ಆರಂಭದಲ್ಲಿ. ಕೆಲವಕ್ಕೆ ತಲೆಯ ಬಳಿ ಒಂದು ಕಾಡುಗಲ್ಲು ನೆಟ್ಟಿದ್ದಾರೆ, ಹೆಚ್ಚಿನವಕ್ಕೆ ಅದೂ ಇಲ್ಲ, ನೆಲ ಸ್ವಲ್ಪ ಕುಸಿದಿರುವುದೇ ಗುರುತು. ಯಾವ ಕಲ್ಲಿನ ಮೇಲೂ ಅಕ್ಷರವಿಲ್ಲ. ಮಕ್ಕಳು ಎಣಿಸುತ್ತಾ ಹೋದರು, ಕಾರಿನ ಬಳಿ ಬರುವವರೆಗೂ ಅವರ ಲೆಕ್ಕ ಒಬ್ಬರದ್ದು ಒಬ್ಬರಿಗೆ ಹೊಂದಲಿಲ್ಲ.